ದೆವ್ವದ ಲೇಖಕರ ಪ್ರೇಮ ಪ್ರಕರಣ

ದೆವ್ವದ ಕಥೆಗಳಿಗೆ ಹೆಸರಾದವರು ಪ್ರೇಮದ ಕಾದಂಬರಿಗೆ ಕೈ ಹಾಕಿದರೆ ಓದುಗರಿಗೆ ನಂಬಿಕೆ ಬರುವುದು ತಡ. ನಾಯಕಿ ಬಾಗಿಲು ತೆರೆದು ಮುಗುಳ್ನಕ್ಕರೆ ಸಾಕು, ಮೋಹಿನಿಯ ಕಥೆ ಕೇಳಿ ಬೆಳೆದವರ ಕಣ್ಣು ಮೊದಲು ಅವಳ ಪಾದದ ಮೇಲೆ: ಹಿಮ್ಮಡಿ ಹಿಂದೆಯೇ ಇದೆಯಷ್ಟೆ?

ಅಮೆರಿಕದ ಸ್ಟೀಫನ್ ಕಿಂಗ್ ಈ ಅನುಮಾನವನ್ನು ಹೊತ್ತುಕೊಂಡೇ ಪ್ರೇಮ ಬರೆದವರು. 1974ರ ‘ಕ್ಯಾರಿ’ಯಿಂದ ಓದುಗರ ನಿದ್ದೆ ಕೆಡಿಸತೊಡಗಿದ ಅವರು 1998ರ ‘ಬ್ಯಾಗ್ ಆಫ್ ಬೋನ್ಸ್’ನಲ್ಲಿ, ಹೆಂಡತಿ ಸತ್ತ ಮೇಲೆ ಒಂದು ಸಾಲೂ ಬರೆಯಲಾಗದ ಕಾದಂಬರಿಕಾರನನ್ನು ತಂದರು. 2003ರ ಕೊನೆಯಲ್ಲಿ ಅವರಿಗೇ ನ್ಯುಮೋನಿಯಾ ಆಯಿತು. ಆ ಹೊತ್ತಿಗೆ ಪತ್ನಿ ಟ್ಯಾಬಿತಾ ಅವರ ಬರೆಯುವ ಕೋಣೆಯನ್ನು ಹೊಸದಾಗಿ ಮಾಡಿಸಲು ಖಾಲಿ ಮಾಡಿಸಿದ್ದರು. ಮನೆಗೆ ಬಂದರೆ ಪುಸ್ತಕಗಳೆಲ್ಲ ಪೆಟ್ಟಿಗೆಯೊಳಗೆ. ತಾನು ಸತ್ತ ಮೇಲೆ ಈ ಕೋಣೆ ಹೀಗೇ ಇರುತ್ತದಲ್ಲ ಎನ್ನಿಸಿತು. ಕಸುಬಿನ ಪ್ರಕಾರ ಅಲ್ಲೊಂದು ದೆವ್ವ ಕೂರಬೇಕಿತ್ತು. ಅವರು ಕೂರಿಸಿದ್ದು ಲೇಖಕನ ವಿಧವೆಯನ್ನು. ಅದೇ 2006ರ ‘ಲಿಸೀಸ್ ಸ್ಟೋರಿ’.

ಇಂಥವರಿಗೆ ಪ್ರೇಮ ಒಲಿಯುವುದರಲ್ಲಿ ಆಶ್ಚರ್ಯವಿಲ್ಲ. ದೆವ್ವ ಬರುವ ಮುಂಚೆ ಮನೆ ನಿಜವಾಗಬೇಕು. ಯಾವ ಮೆಟ್ಟಿಲು ಕಿರುಗುಟ್ಟುತ್ತದೆ, ರಾತ್ರಿ ಯಾರು ದೀಪ ಆರಿಸುತ್ತಾರೆ ಎಂದು ಗೊತ್ತಿದ್ದರೆ ಮಾತ್ರ ಆರಿಸಿದ ದೀಪ ತಾನೇ ಹತ್ತಿದಾಗ ಎದೆ ಝಲ್ ಎನ್ನುತ್ತದೆ. ದಾಂಪತ್ಯವೂ ಆ ಮೆಟ್ಟಿಲಲ್ಲಿ, ಆ ದೀಪದಲ್ಲಿ ಇರುತ್ತದೆ. ಚಂದ್ರ, ಮಳೆ, ಗುಲಾಬಿಗಳನ್ನೇ ನಂಬಿದ ಪ್ರೇಮಕಥೆಗಾರರಿಗಿಂತ ಇವರು ಅರ್ಧ ದಾರಿ ಮುಂದಿರುತ್ತಾರೆ.

ಎಡವುವುದು ಬೇರೆ ಕಡೆ. ಭಯದ ಕಥೆಯಲ್ಲಿ ಮರೆಯಲ್ಲಿಟ್ಟಷ್ಟೂ ಬೆಲೆ. ಅರ್ಧ ಪುಸ್ತಕದವರೆಗೆ ಬರೀ ನೆರಳು ತೋರಿಸಿದರೂ ನಡೆಯುತ್ತದೆ. ಪ್ರೀತಿಸಬೇಕಾದವಳನ್ನು ಹಾಗೆ ಮರೆಯಲ್ಲಿಟ್ಟರೆ ನಾಯಕ ಏಕೆ ಒದ್ದಾಡುತ್ತಾನೆಂದೇ ಓದುಗರಿಗೆ ತಿಳಿಯದು. ಅವಳು ಬೇಗ ಬರಬೇಕು, ಮಾತಾಡಬೇಕು, ಒಂದೆರಡು ಕಡೆ ತಪ್ಪೂ ಮಾಡಬೇಕು.

ಇನ್ನೊಂದು, ಪುನರಾವರ್ತನೆ. ಬೆಚ್ಚಿಬೀಳಿಸುವ ತಂತ್ರ ಎರಡನೇ ಸಲಕ್ಕೆ ಸವೆಯುತ್ತದೆ. ಪ್ರೇಮದಲ್ಲಿ ತಿರುಗಿ ಬಂದದ್ದಕ್ಕೇ ತೂಕ: ಒಂದೇ ಮಾತು ಮೊದಲು ತಮಾಷೆಗೆ, ಆಮೇಲೆ ಜಗಳದ ನಡುವೆ, ಕೊನೆಗೆ ಕೇಳಿಸಿಕೊಳ್ಳುವವರಿಲ್ಲದ ಕೋಣೆಯಲ್ಲಿ. ‘ಲಿಸೀಸ್ ಸ್ಟೋರಿ’ಯ ಗಂಡಹೆಂಡಿರ ಗುಟ್ಟಿನ ಪದಗಳು ಈ ಕೆಲಸಕ್ಕೇ ಇರುವುದು. ಅವನ್ನು ಪುಟಪುಟಕ್ಕೂ ಸುರಿದದ್ದು ಮಾತ್ರ ಅತಿಯಾಯಿತು. ಪರರ ಮನೆಯ ಮುದ್ದಿನ ಹೆಸರುಗಳು ಅಳತೆ ಮೀರಿದರೆ ಕಿವಿಗೆ ಕಷ್ಟ.

ನಡುಭಾಗ ಜೋತುಬೀಳುವುದು ಮೂರನೇ ತೊಂದರೆ. ರಾಕ್ಷಸನಿಲ್ಲದ ಮೇಲೆ ಪುಟ ತಿರುಗಿಸುವವರು ಯಾರು? 2011ರ ‘11/22/63’ರಲ್ಲಿ ಇದಕ್ಕೆ ಜಾಣ ಪರಿಹಾರವಿದೆ. ಅಮೆರಿಕದ ಅಧ್ಯಕ್ಷ ಕೆನಡಿಯ ಹತ್ಯೆ ತಪ್ಪಿಸಲು 1958ಕ್ಕೆ ಹಿಂತಿರುಗುವ ಜೇಕ್ ಟೆಕ್ಸಸ್‌ನ ಪುಟ್ಟ ಊರೊಂದರಲ್ಲಿ ಮೇಷ್ಟ್ರಾಗಿ, ಶಾಲೆಯ ಗ್ರಂಥಪಾಲಕಿ ಸೇಡಿಯನ್ನು ಪ್ರೀತಿಸುತ್ತಾನೆ. ಇಬ್ಬರೂ ಕುಣಿಯುತ್ತಾರೆ, ಶಾಲೆಯ ಮಕ್ಕಳ ಚಿಂತೆ ಮಾಡುತ್ತಾರೆ. ಕಥೆ ಪುರುಸೊತ್ತಾಗಿ ಸಾಗುತ್ತದೆ. ಆದರೂ ಬೇಸರವಿಲ್ಲ. ಅವರು ಸುಖವಾಗಿ ಕಳೆದ ಒಂದೊಂದು ಸಂಜೆಯೂ ಹತ್ಯೆಯ ದಿನವಾದ 1963ರ ನವೆಂಬರ್ 22ನ್ನು ಹತ್ತಿರ ತರುತ್ತದೆ, ತಾನು ಯಾರೆಂಬುದನ್ನು ಜೇಕ್ ಅವಳಿಂದ ಮುಚ್ಚಿಟ್ಟಿರುತ್ತಾನೆ ಬೇರೆ. ಕಿಂಗ್ ಬರೆದ ಪ್ರೇಮದಲ್ಲಿ ಅತ್ಯುತ್ತಮವಾದದ್ದು ಇದೇ, ಮೋಹಿನಿಯ ಭಯವಿಲ್ಲದೆ ಓದಬಹುದು.

ಇಷ್ಟೆಲ್ಲ ಆದರೂ ಕಸುಬಿನ ಹೆಸರು ಬಿಡುವುದಿಲ್ಲ. ಒಬ್ಬ ವಿಧುರನ, ಒಬ್ಬ ವಿಧವೆಯ ಆ ಎರಡು ಪುಸ್ತಕಗಳಿಗೂ ಬಂದದ್ದು ಬ್ರಾಮ್ ಸ್ಟೋಕರ್ ಪ್ರಶಸ್ತಿ, ಡ್ರಾಕುಲಾನ ಕರ್ತೃವಿನ ಹೆಸರಿನದು.