1991ರಲ್ಲಿ ಮನಮೋಹನ್ ಸಿಂಗ್ ಬಂದಿದ್ದು ಹೇಗೆ?

‘ಯಾರೂ ಕೇಳಿರದ ಒಬ್ಬ ಪ್ರೊಫೆಸರನ್ನು ಹಣಕಾಸು ಸಚಿವರನ್ನಾಗಿ ಮಾಡಿದರು, ಅವರು ಬಂದು ದೇಶದ ಚಿನ್ನ ಅಡವಿಡಲು ಶುರು ಮಾಡಿದರು.’ ವಾಟ್ಸಾಪ್‌ನಲ್ಲಿ ಓಡಾಡುವ ಈ ಸಂದೇಶ ಸರಿಯಲ್ಲ.

ಮೊದಲು ಚಿನ್ನದ ವಿಷಯ. 1991ರ ಮೇನಲ್ಲೇ, ಚಂದ್ರಶೇಖರ್ ಸರ್ಕಾರ ಇದ್ದಾಗ, 20 ಟನ್ ಚಿನ್ನ ಸ್ವಿಟ್ಜರ್ಲೆಂಡಿಗೆ ಹೋಗಿತ್ತು. ಆಗ ಹಣಕಾಸು ಸಚಿವರು ಯಶವಂತ್ ಸಿನ್ಹಾ. ಸಿಂಗ್ ಅಧಿಕಾರ ವಹಿಸಿಕೊಂಡಿದ್ದು ಜೂನ್ 21ಕ್ಕೆ. ಜುಲೈನಲ್ಲಿ ಇನ್ನೂ ಸುಮಾರು 47 ಟನ್ ಅಡವಿಟ್ಟಿದ್ದು ನಿಜ, ಅದು ಅವರ ಕಾಲದಲ್ಲೇ. ಆದರೆ ವಿದೇಶಿ ಹಣ ಕೆಲವೇ ವಾರಗಳ ಆಮದಿಗೆ ಸಾಕಾಗುವಷ್ಟು ಉಳಿದಿದ್ದಾಗ ಯಾರು ಬಂದಿದ್ದರೂ ದಾರಿ ಕಷ್ಟದ್ದೇ ಇತ್ತು ಅನ್ನೋದು ನನ್ನ ಅನಿಸಿಕೆ.

ಇನ್ನು ‘ಯಾರೂ ಕೇಳಿರದ’ ಅನ್ನೋ ಮಾತು. ಸಿಂಗ್ ಅದಕ್ಕೂ ಮೊದಲೇ ಹಣಕಾಸು ಇಲಾಖೆಯ ಕಾರ್ಯದರ್ಶಿ, 1982ರಿಂದ 85ರವರೆಗೆ ರಿಸರ್ವ್ ಬ್ಯಾಂಕ್ ಗವರ್ನರ್, ಆಮೇಲೆ ಯೋಜನಾ ಆಯೋಗದ ಉಪಾಧ್ಯಕ್ಷ ಆಗಿದ್ದವರು. ಪ್ರಧಾನಿ ನರಸಿಂಹ ರಾವ್ ಮೊದಲು ಕೇಳಿದ್ದು ಇನ್ನೊಬ್ಬ ಮಾಜಿ ಗವರ್ನರ್ ಐ.ಜಿ. ಪಟೇಲ್ ಅವರನ್ನು, ಅವರು ಒಪ್ಪಲಿಲ್ಲ. ಅಂದರೆ ಸುಮ್ನೆ ಆರಿಸಿದ್ದಲ್ಲ, ಹಣಕಾಸು ಬಲ್ಲವರನ್ನೇ ಹುಡುಕಿದ್ದರು ಅಲ್ವಾ? ಸಿಂಗ್ ಆಗ ಸಂಸದರೂ ಆಗಿರಲಿಲ್ಲ. ಆರು ತಿಂಗಳೊಳಗೆ ಸಂಸದರಾಗಬೇಕು ಅನ್ನೋ ನಿಯಮದಂತೆ ಅಸ್ಸಾಮಿನಿಂದ ರಾಜ್ಯಸಭೆಗೆ ಬಂದರು.