ಬಲ್ಬು ಹತ್ತುವ ತನಕ

ವಿಜ್ಞಾನದ ಪಠ್ಯಪುಸ್ತಕದಲ್ಲಿ ಸರಳ ವಿದ್ಯುನ್ಮಂಡಲದ ಚಿತ್ರವನ್ನು ನೋಡಿದ ಯಾರಿಗೂ ಅದರಲ್ಲಿ ಕೆಡುವಂಥದ್ದು ಏನಾದರೂ ಇದ್ದೀತೆಂಬ ಅನುಮಾನ ಬರುವುದಿಲ್ಲ. ಒಂದು ಉದ್ದ ಗೆರೆಯೂ ಒಂದು ಗಿಡ್ಡ ಗೆರೆಯೂ ಅಕ್ಕಪಕ್ಕ ನಿಂತರೆ ಕೋಶವಾಯಿತು, ಅಂದರೆ ಸೆಲ್ಲು. ವೃತ್ತದೊಳಗೊಂದು ಸುಳಿ ಬರೆದರೆ ಬಲ್ಬಾಯಿತು. ಉಳಿದದ್ದೆಲ್ಲ ಸ್ಕೇಲಿಟ್ಟು ಎಳೆದ ತಂತಿ. ಎಂಟನೆಯ ತರಗತಿಗೆ ಬರುವ ಹೊತ್ತಿಗೆ ಮಕ್ಕಳು ಇದನ್ನು ಕಣ್ಣು ಮುಚ್ಚಿಕೊಂಡು ಬಿಡಿಸಬಲ್ಲರು. ಅದನ್ನೇ ಮೇಜಿನ ಮೇಲೆ ಜೋಡಿಸಿ ತೋರಿಸಿ ಎಂದಾಗ ಮಾತ್ರ, ಚಿತ್ರದಲ್ಲಿ ಗೆರೆಗೆ ಗೆರೆ ಮುಟ್ಟುವ ಆ ನಾಲ್ಕಾರು ಜಾಗಗಳೇ ಇಡೀ ಪಾಠವೆಂದೂ, ಕೋಶವೂ ಬಲ್ಬೂ ಬರಿಯ ನೆಪವೆಂದೂ ಗೊತ್ತಾಗುತ್ತದೆ.

ಪುಸ್ತಕದ ಕೋಶಕ್ಕೆ ತಂತಿ ತಾನಾಗಿ ಅಂಟಿಕೊಂಡಿರುತ್ತದೆ. ನಮ್ಮ ಕೋಶಕ್ಕೆ ಅಂಟುವುದಿಲ್ಲ. ಸೆಲೋಟೇಪು ಸುತ್ತಿದರೆ ಅದು ತಂತಿಗೂ ಕೋಶಕ್ಕೂ ನಡುವೆಯೇ ಹೋಗಿ ಕುಳಿತುಕೊಳ್ಳುತ್ತದೆ. ರಬ್ಬರ್ ಬ್ಯಾಂಡು ಹಾಕಿದರೆ ಅದು ಹಾರಿ ಮುಂದಿನ ಬೆಂಚಿನವನ ಕಿವಿಗೆ ತಗಲುತ್ತದೆ, ಆಮೇಲೆ ಪಾಠ ನಿಂತು ಪಂಚಾಯಿತಿ ಶುರುವಾಗುತ್ತದೆ. ಹೀಗಾಗಿ ಪ್ರತಿಯೊಂದು ಗುಂಪಿನಲ್ಲೂ, ಕೋಶದ ಎರಡು ತುದಿಗಳಿಗೆ ತಂತಿಯನ್ನು ಬೆರಳಿನಿಂದ ಒತ್ತಿ ಹಿಡಿಯುವ ಹುದ್ದೆಯೊಂದು ತಾನಾಗಿ ಸೃಷ್ಟಿಯಾಗಿದೆ. ಕೋಶ 1.5 ವೋಲ್ಟಿನದಾದ್ದರಿಂದ ಶಾಕ್ ಹೊಡೆಯುವ ಭಯವಿಲ್ಲ. ಆದರೆ ಹುದ್ದೆಯಲ್ಲಿರುವವನಿಗೆ ಸೀನು ಬಂದರೆ ಮಂಡಲ ತೆರೆದುಕೊಳ್ಳುತ್ತದೆ. ಸ್ವಿಚ್ಚಿಗೆ ಕೆಲಸವೇ ಉಳಿಯುವುದಿಲ್ಲ. ಬಲ್ಬನ್ನು ಬಿಟ್ಟು ಒಂದೇ ತಂತಿಯ ಎರಡೂ ತುದಿಗಳನ್ನು ಅವನ ಬೆರಳಡಿಗೆ ತಳ್ಳಿದ ಗೆಳೆಯರಿದ್ದರಂತೂ, ವಿದ್ಯುತ್ತಿನ ಉಷ್ಣ ಪರಿಣಾಮವನ್ನು ಅವನು ಪುಸ್ತಕ ಆ ಪುಟಕ್ಕೆ ಬರುವ ಮೊದಲೇ ಕಲಿತು, ಕೋಶವನ್ನು ಕಿಟಕಿಯತ್ತ ಎಸೆದಿರುತ್ತಾನೆ.

ಕೋಶಗಳನ್ನು ಮನೆಯಿಂದ ತನ್ನಿ ಎಂದು ಹೇಳುವುದರಲ್ಲಿ ಬೇರೆಯದೇ ಅಪಾಯವಿದೆ. ಅವು ಟಿ.ವಿ. ರಿಮೋಟಿನಿಂದ, ಗೋಡೆ ಗಡಿಯಾರದಿಂದ ನೇರವಾಗಿ ಶಾಲೆಗೆ ಬರುತ್ತವೆ. ಒಮ್ಮೆ ಅಜ್ಜನೊಬ್ಬರು ಬಾಗಿಲಲ್ಲಿ ನಿಂತು, "ಮೇಷ್ಟ್ರೇ, ನಮ್ಮನೆ ಗಡಿಯಾರ ಬೆಳಗ್ಗೆ ಏಳೂವರೆಗೇ ನಿಂತೋಗದೆ, ಅದರ ಜೀವ ಇಲ್ಲಿಗೆ ಬಂದದಂತಲ್ಲ?" ಎಂದು ವಿಚಾರಿಸಿದರು. ಆ ಕೋಶದಿಂದ ಬಲ್ಬು ಹತ್ತಿರಲಿಲ್ಲ. ಕೋಶ ಸತ್ತಿದೆಯೆಂದು ಮಕ್ಕಳೂ, ನಿನ್ನೆಯವರೆಗೆ ಗಂಟೆ ತಪ್ಪದೆ ನಡೆಸಿದೆಯೆಂದು ಅಜ್ಜನೂ ವಾದಿಸಿದರು; ಇಬ್ಬರ ಮಾತೂ ನಿಜವೇ ಆಗಿತ್ತು. ಗಡಿಯಾರಕ್ಕೆ ಬೇಕಾಗುವುದು ತೀರ ಅಲ್ಪ ಪ್ರವಾಹ. ಟಾರ್ಚಿನ ಬಲ್ಬಿಗೆ ನೂರಾರು ಮಿಲಿಆಂಪಿಯರ್ ಬೇಕು. ಹಳೆಯದಾಗುತ್ತ ಬಂದಂತೆ ಕೋಶದ ಒಳರೋಧ, ಅಂದರೆ ಪ್ರವಾಹಕ್ಕೆ ಅದರೊಳಗೇ ಇರುವ ಅಡ್ಡಿ, ಹೆಚ್ಚುವುದರಿಂದ, ಅದು ಚಿಲ್ಲರೆ ಖರ್ಚನ್ನು ತೂಗಿಸೀತೇ ಹೊರತು ಬಲ್ಬನ್ನು ಸಾಕಲಾರದು. ಅಜ್ಜ ಇದನ್ನು ಮಕ್ಕಳಿಗಿಂತ ಬೇಗ ಒಪ್ಪಿಕೊಂಡರು, ಕೋಶವನ್ನು ಮಾತ್ರ ಜೇಬಿಗೆ ಹಾಕಿಕೊಂಡೇ ಹೋದರು.

ತಂತಿಯ ಕಥೆ ಇನ್ನೂ ಸೊಗಸು. ಹುಡುಗರು ಮೋಟಾರ್ ರಿವೈಂಡಿಂಗ್ ಅಂಗಡಿಯಿಂದ ಬಂಗಾರದಂತೆ ಹೊಳೆಯುವ ತಾಮ್ರದ ತಂತಿಯನ್ನು ಕಂತೆಗಟ್ಟಲೆ ತಂದರು. ಹೊಸ ಕೋಶ, ಹೊಸ ಬಲ್ಬು, ಗಟ್ಟಿ ಬೆರಳು, ಎಲ್ಲವೂ ಇದ್ದು ಬೆಳಕು ಮಾತ್ರ ಇಲ್ಲ. ಲೋಹಗಳೆಲ್ಲ ವಾಹಕಗಳು ಎಂಬ ಹಿಂದಿನ ದಿನದ ವಾಕ್ಯ ಕಪ್ಪುಹಲಗೆಯ ಮೇಲೆ ಇನ್ನೂ ಹಾಗೆಯೇ ಇದ್ದು ನಮ್ಮನ್ನು ನೋಡುತ್ತಿತ್ತು. ಕೊನೆಗೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಬಂದು ತಂತಿಯ ತುದಿಗಳನ್ನು ಬಾಗಿಲ ಕಲ್ಲಿಗೆ ಪರಪರನೆ ಉಜ್ಜಿದಳು, ಬಲ್ಬು ಹತ್ತಿತು. ಪ್ರತಿ ಬೇಸಿಗೆಯಲ್ಲೂ ಅವರ ಹೊಲದ ಮೋಟಾರು ಸುಟ್ಟುಹೋಗುತ್ತಿದ್ದುದರಿಂದ, ಆ ತಂತಿಗೆ ಕಣ್ಣಿಗೆ ಕಾಣದಂಥ ಎನಾಮಲ್ ಲೇಪವಿರುತ್ತದೆಂದೂ, ಅದಿಲ್ಲದಿದ್ದರೆ ಸುತ್ತಿಗೆ ಸುತ್ತು ತಗಲಿ ಮೋಟಾರು ಕೆಡುತ್ತದೆಂದೂ ಅವಳಿಗೆ ಅಂಗಡಿಯವನ ಪಕ್ಕ ನಿಂತೇ ತಿಳಿದಿತ್ತು. ಅವಾಹಕದ ಪಾಠವನ್ನು ಇದಕ್ಕಿಂತ ಚೆನ್ನಾಗಿ ಯಾವ ಪುಸ್ತಕವೂ ಹೇಳಿದ್ದನ್ನು ನಾನು ಕಂಡಿಲ್ಲ.

ಸರಣಿ ಜೋಡಣೆಯ ದಿನ, ಒಂದೇ ದಾರಿಯಲ್ಲಿ ಒಂದರ ಹಿಂದೊಂದು ಜೋಡಿಸಿದ ಎರಡು ಬಲ್ಬುಗಳಲ್ಲಿ ಒಂದು ಬೆಳಗಿ, ಇನ್ನೊಂದು ಸುಮ್ಮನಿತ್ತು. ಮೊದಲನೆಯದೇ ಕರೆಂಟನ್ನೆಲ್ಲ ತಿಂದುಬಿಟ್ಟಿತೆಂದು ತರಗತಿ ಒಕ್ಕೊರಲಿನಿಂದ ತೀರ್ಪಿತ್ತಿತು. ಬಲ್ಬುಗಳ ಸ್ಥಾನ ಬದಲಿಸಿದರೂ ಅದೇ ಬಲ್ಬು ಬೆಳಗಿದಾಗ, ತಿನ್ನುವ ಮಾತಿಲ್ಲ, ಎರಡರಲ್ಲೂ ಹರಿಯುವ ಪ್ರವಾಹ ಒಂದೇ, ರೋಧ ಹೆಚ್ಚಿರುವುದಕ್ಕೆ ವೋಲ್ಟಿನ ಪಾಲು ಹೆಚ್ಚು ಎಂದು ವಿವರಿಸಿದೆ. "ಹಾಗಾದ್ರೆ ಜಾಸ್ತಿ ಅಡ್ಡ ಹಾಕಿದೋರಿಗೇ ಜಾಸ್ತಿ ಪಾಲು, ಅಲ್ವಾ ಸಾರ್?" ಎಂದ ಒಬ್ಬ. ಸರಣಿ ಜೋಡಣೆಯ ಮಟ್ಟಿಗೆ ಹೌದೆಂದು ಹೇಳಿ ಮುಂದಕ್ಕೆ ಹೋದೆ.

ಇಷ್ಟಾದ ಮೇಲೆ ಉತ್ಸಾಹ ತುಂಬಲೆಂದು ಶಿವನಸಮುದ್ರದ ವಿಷಯ ತೆಗೆದೆ. 1902ರಲ್ಲಿ ಕಾವೇರಿಯ ನೀರಿನಿಂದ ತಯಾರಾದ ವಿದ್ಯುತ್ತು ತಂತಿಯ ಮೇಲೆಯೇ ಸುಮಾರು 147 ಕಿಲೋಮೀಟರು ಸಾಗಿ ಕೋಲಾರದ ಚಿನ್ನದ ಗಣಿಯನ್ನು ಮುಟ್ಟಿತು, 1905ರಲ್ಲಿ ಬೆಂಗಳೂರಿನ ಬೀದಿ ದೀಪಗಳನ್ನು ಬೆಳಗಿಸಿತು ಎಂದು ಗಂಟಲೇರಿಸಿ ಹೇಳುತ್ತಿದ್ದಾಗ, ಒಂದು ಗೇಣು ತಂತಿಯನ್ನು ಅರ್ಧ ಗಂಟೆಯಿಂದ ಅದುಮಿಕೊಂಡೇ ಕುಳಿತಿದ್ದ ಹುಡುಗ ತಲೆಯೆತ್ತಿ, "ಅಷ್ಟು ದೂರಕ್ಕೆ ಜಾಯಿಂಟು ಎಷ್ಟಿದ್ವು ಸಾರ್? ಹಿಡ್ಕೊಂಡಿದ್ದೋರು ಯಾರು?" ಎಂದು ಕೇಳಿದ.

ಕಿರುಪರೀಕ್ಷೆಯಲ್ಲಿ ಸರಳ ವಿದ್ಯುನ್ಮಂಡಲದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ ಎಂಬ ಎರಡು ಅಂಕದ ಪ್ರಶ್ನೆಯಿತ್ತು. ಅದೇ ಹುಡುಗ ಕೋಶ, ಸ್ವಿಚ್ಚು, ಬಲ್ಬು, ತಂತಿಗಳನ್ನು ಸರಿಯಾಗಿ ಬರೆದು, ಕೋಶದ ಎರಡು ತುದಿಗಳಲ್ಲಿ ಒಂದೊಂದು ಬೆರಳನ್ನು ಉಗುರಿನ ಸಮೇತ ಚಿತ್ರಿಸಿ, ಬಾಣದ ಗುರುತು ಹಾಕಿ, "ಒತ್ತಿ ಹಿಡಿಯುವವನು" ಎಂದು ಹೆಸರಿಸಿದ್ದ. ಎರಡಕ್ಕೆ ಎರಡು ಅಂಕವನ್ನೂ ಕೊಟ್ಟೆ.