ಮಾಸಿದ ಬಣ್ಣದ ಪರವಾಗಿ

2024ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್ ಕಾರು ಪ್ರದರ್ಶನದಲ್ಲಿ ದೊಡ್ಡ ಬಹುಮಾನ ಸಿಕ್ಕಿದ್ದು 1934ರ ಬುಗಾಟಿ ಟೈಪ್ 59ಕ್ಕೆ. ಕಪ್ಪು ಬಣ್ಣ, ಮೇಲೊಂದು ಹಳದಿ ಪಟ್ಟೆ. ಒಂದು ಕಾಲದಲ್ಲಿ ಬೆಲ್ಜಿಯಂನ ದೊರೆ ಮೂರನೇ ಲಿಯೋಪೋಲ್ಡ್ ಇಟ್ಟುಕೊಂಡಿದ್ದ ರೇಸ್ ಕಾರು ಅದು. ಬಣ್ಣ ಹಳತಾಗಿದೆ, ಎಲ್ಲ ಕಡೆ ವಯಸ್ಸು ಕಾಣುತ್ತದೆ. ಯಾರೂ ಅದನ್ನು ಹೊಸದು ಮಾಡಲು ಹೋಗಿಲ್ಲ. 1950ರಿಂದ ನಡೆದು ಬಂದ ಆ ಪ್ರದರ್ಶನದಲ್ಲಿ, ಇದ್ದದ್ದನ್ನು ಇದ್ದ ಹಾಗೇ ಉಳಿಸಿಕೊಂಡ ಕಾರುಗಳ ವಿಭಾಗದಿಂದ ಬಂದ ಕಾರೊಂದು 'ಬೆಸ್ಟ್ ಆಫ್ ಶೋ' ಗೆದ್ದಿದ್ದು ಅದೇ ಮೊದಲು.

ಆ ಸುದ್ದಿ ಓದಿ ನನಗೆ ನಿಜಕ್ಕೂ ಖುಷಿಯಾಯಿತು. ಯಾಕೆಂದರೆ ಎಷ್ಟೋ ವರ್ಷ ಇದರ ಉಲ್ಟಾನೇ ನಡೆದಿತ್ತು. ಹಳೇ ಸ್ಪೋರ್ಟ್ಸ್ ಕಾರು ಕೈಗೆ ಬಂತಾ? ಪೂರ್ತಿ ಬಿಚ್ಚು. ತಗಡು ಕಾಣುವವರೆಗೂ ಬಣ್ಣ ಕೆರೆದು ಹಾಕು. ಸೀಟಿನ ಚರ್ಮ ಕಿತ್ತು ಬಿಸಾಡು. ಕನ್ನಡಿ ಹಾಗೆ ಹೊಳೆಯುವ ಹೊಸ ಪೇಂಟ್ ಹೊಡೆ. ಇದನ್ನೇ ಕಾರಿನ ಮೇಲಿನ ಪ್ರೀತಿ ಅಂದುಕೊಂಡಿದ್ದೆವು. ಮಾಡಿದವರಿಗೆ ಪ್ರೀತಿ ಇರಲಿಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಆ ಪ್ರೀತಿಯಲ್ಲಿ ಎಷ್ಟು ಕಳೆದುಹೋಯಿತು ಅನ್ನುವ ಲೆಕ್ಕ ಯಾರೂ ಇಡಲಿಲ್ಲ.

ಐವತ್ತು, ಅರವತ್ತರ ದಶಕದ ಫೆರಾರಿಗಳನ್ನೇ ತಗೊಳ್ಳಿ. ಇಟಲಿಯ ಮೊಡೆನಾದಲ್ಲಿ, ಫೆರಾರಿಗೆ ಬಾಡಿ ಮಾಡಿಕೊಡುತ್ತಿದ್ದ ಸ್ಕಾಲಿಯೆಟ್ಟಿಯವರ ಶೆಡ್ಡಿನಲ್ಲಿ ಅಲ್ಯೂಮಿನಿಯಂ ಹಾಳೆಯನ್ನು ಸುತ್ತಿಗೆಯಲ್ಲಿ ಬಡಿದು ಬಾಡಿ ಮಾಡುತ್ತಿದ್ದರು. ಕೈಕೆಲಸ. ಎಡಗಡೆಯ ಫೆಂಡರಿಗೂ (ಚಕ್ರದ ಮೇಲಿನ ತಗಡು) ಬಲಗಡೆಯದಕ್ಕೂ ಸಣ್ಣ ವ್ಯತ್ಯಾಸ ಇದ್ದೇ ಇರುತ್ತಿತ್ತು. ಬಾಗಿಲ ಸುತ್ತಲಿನ ಸಂದು ಒಂದೇ ಸಮ ಇರುತ್ತಿರಲಿಲ್ಲ. ಅವು ಮುಂದಿನ ರೇಸಿಗೆ ಹೊರಡಬೇಕಾದ ಕಾರುಗಳು, ಅಷ್ಟು ನಾಜೂಕು ಮಾಡುತ್ತಾ ಕೂರಲು ಯಾರಿಗೂ ಪುರುಸೊತ್ತಿರಲಿಲ್ಲ. ಈಗ ಅದೇ ಕಾರು ರಿಸ್ಟೋರ್ ಆಗಿ ಬಂದಾಗ ಎರಡೂ ಕಡೆ ಪಕ್ಕಾ ಒಂದೇ ಅಳತೆ, ಸಂದುಗಳೆಲ್ಲ ಗೆರೆ ಎಳೆದ ಹಾಗೆ. ನೋಡಲು ಚೆಂದ, ಒಪ್ಪಿದೆ. ಆದರೆ ಅಂಥ ಕಾರನ್ನು ಆ ಶೆಡ್ಡು ಯಾವತ್ತೂ ಹೊರಗೆ ಕಳಿಸಿರಲಿಲ್ಲ. ಅಜ್ಜಿ ಬರೆದ ಪತ್ರವನ್ನು ಕಾಗುಣಿತ ತಿದ್ದಿ ಟೈಪ್ ಮಾಡಿಸಿ, ಮೂಲ ಪತ್ರವನ್ನು ಹರಿದು ಹಾಕಿದ ಹಾಗಾಯಿತು ಇದು.

ನನಗೆ ಮುಖ್ಯ ಅನಿಸುವ ಮಾತು ಬೇರೆ ಇದೆ. ಯಾರೂ ಕೈಹಾಕದ ಕಾರು ಅಂದರೆ ದಾಖಲೆ. ಡ್ಯಾಶ್‌ಬೋರ್ಡ್ ಕೆಳಗೆ ತಲೆ ಹಾಕಿ ನೋಡಿ. ಅಲ್ಲಿ ಪೇಂಟ್ ಪೂರ್ತಿ ಕೂತಿರುವುದಿಲ್ಲ, ಪೇಂಟ್ ಗನ್ ಹಿಡಿದವನ ಕೈ ಎಲ್ಲಿಯವರೆಗೆ ಹೋಯಿತೋ ಅಲ್ಲಿಗೇ ನಿಂತಿರುತ್ತದೆ. ಯಾವುದೋ ಬ್ರಾಕೆಟ್ ಮೇಲೆ ಕಾರ್ಖಾನೆಯವರು ಬಳಪದಲ್ಲಿ ಹಾಕಿದ ಗುರುತು. ಕಾರ್ಪೆಟ್ ಅಡಿಯಲ್ಲಿ ಒಣಗಿ ಕಂದಾದ ಗೋಂದು. ಯಾವ ಬೋಲ್ಟಿಗೆ ಬಣ್ಣ ಇದೆ, ಯಾವುದಕ್ಕೆ ಇಲ್ಲ ಅನ್ನುವುದರಿಂದ ಮೊದಲು ಪೇಂಟ್ ಆಯಿತೋ, ಜೋಡಣೆ ಆಯಿತೋ ಅಂತ ಗೊತ್ತಾಗುತ್ತದೆ. ಇದು ಯಾವ ಕೈಪಿಡಿಯಲ್ಲೂ ಸಿಗುವುದಿಲ್ಲ. ಮುಂದೆ ಅದೇ ಮಾಡೆಲ್‌ನ ಇನ್ನೊಂದು ಕಾರನ್ನು ಸರಿಯಾಗಿ ರಿಪೇರಿ ಮಾಡಬೇಕು ಅನ್ನುವವರು ನೋಡಬೇಕಾದದ್ದು ಇದನ್ನೇ. ಎಲ್ಲವನ್ನೂ ಹೊಸದು ಮಾಡಿಬಿಟ್ಟರೆ, ಒಬ್ಬರು ಊಹಿಸಿದ್ದನ್ನು ನೋಡಿ ಇನ್ನೊಬ್ಬರು ಊಹಿಸಬೇಕು, ಅಷ್ಟೇ.

ಅರವತ್ತರ ದಶಕದ ಅಮೆರಿಕನ್ ರೇಸ್ ಕಾರು ಶೆಲ್ಬಿ ಡೇಟೋನಾ ಕೂಪೆ ಒಟ್ಟು ಆರೇ ಆರು ತಯಾರಾಗಿದ್ದವು. ಅವುಗಳಲ್ಲಿ ಮೊದಲನೆಯದು, ಸಿಎಸ್‌ಎಕ್ಸ್ 2287 ಅನ್ನುವ ಚಾಸಿ ನಂಬರಿನದು, ಈಗ ಫಿಲಡೆಲ್ಫಿಯಾದ ಸಿಮಿಯೋನಿ ಮ್ಯೂಸಿಯಂನಲ್ಲಿದೆ. ಅದನ್ನು ರಿಸ್ಟೋರ್ ಮಾಡದೆ ಉಳಿಸಿಕೊಂಡಿದ್ದಾರೆ. 2014ರಲ್ಲಿ ಅಮೆರಿಕದ ನ್ಯಾಷನಲ್ ಹಿಸ್ಟಾರಿಕ್ ವೆಹಿಕಲ್ ರಿಜಿಸ್ಟರ್ ಶುರುವಾದಾಗ ಅದರಲ್ಲಿ ದಾಖಲಾದ ಮೊದಲ ಕಾರು ಇದೇ. ಮ್ಯೂಸಿಯಂನ ಸಂಸ್ಥಾಪಕ ಫ್ರೆಡ್ ಸಿಮಿಯೋನಿ ವೃತ್ತಿಯಲ್ಲಿ ಮೆದುಳಿನ ಶಸ್ತ್ರಚಿಕಿತ್ಸಕರಾಗಿದ್ದರು. ಎಲ್ಲಿ ಕತ್ತರಿ ಹಾಕಬೇಕು, ಎಲ್ಲಿ ಸುಮ್ನೆ ಬಿಡಬೇಕು ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು ಅಂತ ನನಗೆ ಅನಿಸುತ್ತದೆ.

ಮರ್ಸಿಡಿಸ್ 300 ಎಸ್‌ಎಲ್ ಗಲ್‌ವಿಂಗ್ ನನಗೆ ತುಂಬ ಇಷ್ಟದ ಕಾರು. 1954ರಿಂದ 57ರವರೆಗೆ 1400 ಬಂದವು. ಅದರ ಚಾಸಿ, ಅಂದರೆ ಬಾಡಿಯನ್ನು ಹೊರುವ ಚೌಕಟ್ಟು, ಸಣ್ಣ ಸಣ್ಣ ಕೊಳವೆಗಳ ಜಾಲ, ಅದು ಎರಡೂ ಪಕ್ಕಗಳಲ್ಲಿ ಎತ್ತರಕ್ಕೆ ಬರುತ್ತದೆ. ಹಾಗಾಗಿ ಮಾಮೂಲಿ ಬಾಗಿಲು ಇಡಲು ಜಾಗವೇ ಇಲ್ಲ, ಬಾಗಿಲು ಮೇಲಕ್ಕೆ ತೆರೆಯಬೇಕಾಯಿತು. ಒಳಗೆ ಹೋಗುವುದೂ ಸಲೀಸಲ್ಲ. ಸ್ಟೀರಿಂಗ್ ಚಕ್ರವನ್ನು ಕೆಳಕ್ಕೆ ಮಡಚಿ, ಆ ಅಗಲವಾದ ಅಂಚಿನ ಮೇಲೆ ಕೂತು, ಕಾಲು ಒಳಗೆ ಎಳೆದುಕೊಂಡು ಜಾರಬೇಕು. ವರ್ಷಗಟ್ಟಲೆ ಹೀಗೆ ಹತ್ತಿ ಇಳಿದ ಕಾರಿನಲ್ಲಿ ಆ ಅಂಚು ಸವೆದಿರುತ್ತದೆ. ಆ ಸವೆತ ನೋಡಿದರೆ ಸಾಕು, ಈ ಕಾರಿನ ಜೊತೆ ಜನ ಹೇಗೆ ಬದುಕಿದರು ಅಂತ ಅರ್ಥ ಆಗುತ್ತದೆ. ಹೊಸ ಹೊದಿಕೆ ಹಾಕಿದ ದಿನ ಅದು ಹೋಯಿತು. ಎಷ್ಟು ದುಡ್ಡು ಕೊಟ್ಟರೂ ವಾಪಸ್ ಬರಲ್ಲ.

ಹಾಗಂತ ತುಕ್ಕು ಹಿಡಿಯಲು ಬಿಡಿ ಅಂತ ನಾನು ಹೇಳುತ್ತಿಲ್ಲ. ಬ್ರೇಕ್ ಹೋಸ್, ಪೆಟ್ರೋಲ್ ಪೈಪು, ಟಯರ್ ಇವನ್ನೆಲ್ಲ ಯೋಚನೆ ಮಾಡದೆ ಬದಲಾಯಿಸಿ. ಮೇಲಿನ ಗೀರು (ಟ್ರೆಡ್) ಎಷ್ಟೇ ಉಳಿದಿರಲಿ, ಹಳೇ ಟಯರಿನ ರಬ್ಬರ್ ಗಟ್ಟಿಯಾಗಿ ಹಿಡಿತ ಕಳೆದುಕೊಂಡಿರುತ್ತದೆ. ಇಂಜಿನ್ ಬಿಚ್ಚಿ ಕಟ್ಟಬೇಕಾದರೆ ಕಟ್ಟಿ. ಓಡದ ಸ್ಪೋರ್ಟ್ಸ್ ಕಾರು ನನಗೆ ಅರ್ಧ ಕಾರು.

ಏನೂ ಉಳಿಯದ ಸ್ಥಿತಿಗೆ ಬಂದ ಕಾರುಗಳೂ ಇವೆ. ಪೋರ್ಷೆ ಮ್ಯೂಸಿಯಂಗೆ 2014ರಲ್ಲಿ ಒಂದು ಹಳೇ ಕೊಟ್ಟಿಗೆಯಲ್ಲಿ 57ನೇ ನಂಬರಿನ 901 ಸಿಕ್ಕಿತು. 911 ಅನ್ನುವ ಹೆಸರು ಬರುವ ಮುಂಚಿನ ಕಾರು ಅದು. ತುಕ್ಕು ತಿಂದು, ಮುಂದಿನ ಫೆಂಡರ್‌ಗಳೇ ಇರಲಿಲ್ಲ. ಮೂರು ವರ್ಷ ಕೂತು ಕೆಲಸ ಮಾಡಿದರು. ಆದಷ್ಟು ಹಳೇ ಭಾಗಗಳನ್ನೇ ಉಳಿಸಿಕೊಂಡು, ಇಲ್ಲದ ತಗಡನ್ನು ಅದೇ ಕಾಲದ ಇನ್ನೊಂದು ಬಾಡಿಯಿಂದ ತೆಗೆದರು. ಇಂಥ ರಿಸ್ಟೋರೇಷನ್‌ಗೆ ನನ್ನ ತಕರಾರಿಲ್ಲ, ಕೈ ಮುಗಿಯುತ್ತೇನೆ.

ಇನ್ನು 'ಒರಿಜಿನಲ್' ಅಂದರೆ ಏನು ಅನ್ನುವ ಜಗಳ. 1929 ಮತ್ತು 1930ರಲ್ಲಿ ಫ್ರಾನ್ಸ್‌ನ 24 ಗಂಟೆಗಳ ಲೆ ಮಾನ್ಸ್ ರೇಸ್ ಗೆದ್ದ ಬೆಂಟ್ಲಿ 'ಓಲ್ಡ್ ನಂಬರ್ ಒನ್' ಬಗ್ಗೆ ಈ ಜಗಳ ಲಂಡನ್ನಿನ ಹೈಕೋರ್ಟ್ ತನಕ ಹೋಯಿತು. ರೇಸ್ ಕಾಲದಲ್ಲೇ ಅದಕ್ಕೆ ಎಷ್ಟೋ ಭಾಗಗಳು ಬದಲಾಗಿದ್ದವು, ಹಾಗಾದರೆ ಇದು ಅದೇ ಕಾರಾ? 1990ರಲ್ಲಿ ನ್ಯಾಯಮೂರ್ತಿ ಆಟನ್ ಅವರು ಹೌದು, ಅದೇ ಕಾರು ಅಂದರು. ಅದರ ಇತಿಹಾಸ ನಡುವೆ ಎಲ್ಲೂ ತುಂಡಾಗಿಲ್ಲ ಅನ್ನುವುದೇ ಮುಖ್ಯವಾಯಿತು. ನನಗೂ ಅದೇ ಸರಿ ಅನಿಸುತ್ತದೆ. ರೇಸ್ ಮಧ್ಯೆ ಬದಲಾದ ಇಂಜಿನ್ನು ಆ ಕಾರಿನ ಬದುಕಿನ ಭಾಗ. ಇವತ್ತು ಬರೀ ಹೊಳಪಿಗಾಗಿ ಬದಲಾಯಿಸುವ ತಗಡು ಹಾಗಲ್ಲ, ಅಲ್ವಾ?

2015ರ ಫೆಬ್ರವರಿಯಲ್ಲಿ ಪ್ಯಾರಿಸ್‌ನಲ್ಲಿ ಬಾಯೋನ್ ಕುಟುಂಬದ ಹಳೇ ಕಾರುಗಳ ಸಂಗ್ರಹದ ಹರಾಜು ನಡೆಯಿತು. ಹಳೇ ಪತ್ರಿಕೆಗಳ ರಾಶಿ ಹೊತ್ತು ಗ್ಯಾರೇಜಿನಲ್ಲಿ ಬಿದ್ದಿದ್ದ ಫೆರಾರಿ ಕ್ಯಾಲಿಫೋರ್ನಿಯಾ ಸ್ಪೈಡರ್ 1.6 ಕೋಟಿ ಯೂರೋಗೂ ಜಾಸ್ತಿಗೆ ಹೋಯಿತು. ಇಂಥ ಬೆಲೆ ಕಂಡಮೇಲೆ ಹೊಸ ಚಾಳಿಯೊಂದು ಬಂದಿದೆ. ಬೇಕಂತಲೇ ಬಣ್ಣ ಉಜ್ಜಿ ಹಳೇದು ಮಾಡುವುದು, ಧೂಳನ್ನು ಒರೆಸದೆ ಹಾಗೇ ಹರಾಜಿಗೆ ತರುವುದು. ಇದು ನನಗೆ ಅತಿಯಾದ ರಿಸ್ಟೋರೇಷನ್‌ಗಿಂತ ಕೆಟ್ಟದು ಅನಿಸುತ್ತದೆ. ಧೂಳು ಇತಿಹಾಸ ಅಲ್ಲ. ತೊಳೆಯಿರಿ, ಮೇಣ ಹಚ್ಚಿ, ಚರ್ಮಕ್ಕೆ ಎಣ್ಣೆ ಹಾಕಿ. ಉಳಿಸುವುದು ಅಂದರೆ ಕೆಲಸ ಮಾಡುವುದು.

ಹಳೇ ವಾಹನಗಳ ಅಂತಾರಾಷ್ಟ್ರೀಯ ಒಕ್ಕೂಟ ಫೀವಾ ಒಪ್ಪಿಕೊಂಡಿರುವ ಟುರಿನ್ ಸನ್ನದು ಈ ವಿಷಯದಲ್ಲಿ ಸರಿಯಾದ ಮಾತು ಹೇಳುತ್ತದೆ. ಮಾಡಿದ ಕೆಲಸವನ್ನು ಬರೆದಿಡಬೇಕು, ಹೊಸದಾಗಿ ಹಾಕಿದ ಭಾಗಕ್ಕೆ ಗುರುತು ಇರಬೇಕು. ನಿಮ್ಮ ಹತ್ತಿರ ಇಂಥ ಕಾರು ಇದ್ದರೆ ನನ್ನದು ಒಂದೇ ಕೋರಿಕೆ. ಬಿಚ್ಚುವ ಮೊದಲು ಪ್ರತಿ ಮೂಲೆಯ ಫೋಟೋ ತೆಗೆಯಿರಿ. ತೆಗೆದ ಭಾಗ ಎಷ್ಟೇ ಹಾಳಾಗಿರಲಿ, ಚೀಟಿ ಕಟ್ಟಿ ಪೆಟ್ಟಿಗೆಯಲ್ಲಿಡಿ. ಕಾರು ಮಾರುವಾಗ ಆ ಪೆಟ್ಟಿಗೆಯನ್ನೂ ಜೊತೆಗೇ ಕೊಡಿ.